ಹೊಸ್ತಿಲು ದಾಟುವ ಮಷೀನು ಬೇಕಾಗಿದೆ

“ಅದರ ಬ್ರಷ್ಷು ಹಂದಿ ಕೂದ್ಲಿಂದಲ್ಲ, ಹೌದಿಲ್ಲೋ?”

ಕಸ ಗುಡಿಸಿ ನೆಲ ಒರೆಸುವ ರೋಬೋ ಕೊಳ್ಳಲು ಹೊರಟಾಗ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಗಂಡ ನಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಕಂಪನಿಗೆ ಇಮೇಲ್ ಬರೆದೇಬಿಟ್ಟರು. ನೈಲಾನ್ ಎಂದು ಉತ್ತರ ಬಂತು. (ಉತ್ತರ ಬರೆದ ಪುಣ್ಯಾತ್ಮರು ಅವತ್ತು ನೆಟ್ಟಗೆ ಊಟ ಮಾಡಿದರೋ ಇಲ್ಲವೋ.) ಅತ್ತೆ ಒಪ್ಪಿದರು.

ರೋಬೋ ಯಾಕೆ ಬೇಕು ಅಂತ ಬಳ್ಳಾರಿಯವರು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಬೆರಳಾಡಿಸಿ ನಿಮ್ಮ ಹೆಸರು ಬರೆಯಬಹುದು, ಅಷ್ಟು ಕೆಂಧೂಳು. ಆದರೆ ಅದಕ್ಕೆ ನಮ್ಮಲ್ಲಿ ಹನುಮಕ್ಕ ಇದ್ದಾಳೆ. ವರ್ಷಗಳಿಂದ ಮನೆಯ ಕಸ, ಮುಸುರೆ, ಬಟ್ಟೆ ಎಲ್ಲ ಅವಳದೇ. ದೇವರ ಮನೆ ಒಂದನ್ನು ಬಿಟ್ಟು.

ಅಲ್ಲಿಗೆ ಅವಳು ಕಾಲಿಡುವಂತಿಲ್ಲ. ಜಾತಿ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಓದಿದವರು ನೋಡಿ, ನಾವು ಅದನ್ನು ‘ಮಡಿ’ ಅಂತೇವೆ. ಇಷ್ಟು ದಿನ ಆ ಕೋಣೆಯನ್ನು ಅತ್ತೆಯೇ ಒರೆಸುತ್ತಿದ್ದರು. ಈಗ ಅವರ ಮೊಣಕಾಲು ಕೈಕೊಟ್ಟಿವೆ. ಹನುಮಕ್ಕನೇ ಒರೆಸಲಿ ಬಿಡ್ರಿ ಎಂದೆ. ಅತ್ತೆ ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡು ಪಾಠ ಮಾಡಲು ಕಾಲೇಜಿಗೆ ಹೊರಟೆ.

ಅಷ್ಟರಲ್ಲಿ ಸಿರುಗುಪ್ಪದಿಂದ ನಾದಿನಿ ಫೋನ್ ಮಾಡಿದಳು. “ನಮ್ಮನಿಗೆ ರೋಬೋ ಬಂದೈತಿ ವೈನಿ. ತಾನ ಕಸ ಹೊಡಿತೈತಿ, ತಾನ ಒರಸ್ತೈತಿ.” ಸಿರುಗುಪ್ಪಕ್ಕೆ ಬಂದದ್ದು ಬಳ್ಳಾರಿಗೆ ಬರದಿದ್ದರೆ ಹೇಗೆ? ನಮ್ಮವರು ಅವತ್ತಿನಿಂದ ಊಟದ ಹೊತ್ತಿಗೂ ರಿವ್ಯೂ ವಿಡಿಯೋ ನೋಡತೊಡಗಿದರು. ಎಲ್ಲರದೂ ಒಂದೇ ರಾಗ. ನಾಯಿಕೂದಲು ಹೀರುತ್ತದೆಯೇ? ಕಾರ್ಪೆಟ್ ಗುರುತಿಸುತ್ತದೆಯೇ? ನಮ್ಮ ಮನೆಯಲ್ಲಿ ನಾಯಿಯೂ ಇಲ್ಲ, ಕಾರ್ಪೆಟ್ಟೂ ಇಲ್ಲ. ಇರುವುದು ಹೊಸ್ತಿಲು. ದೇವರ ಮನೆಯದಂತೂ ನಾಲ್ಕು ಬೆರಳು ಎತ್ತರ, ಅರಿಶಿನ ಬಳಿದು ಕುಂಕುಮ ಇಟ್ಟದ್ದು.

“ಅಷ್ಟು ಎತ್ತರ ಯಾವ ಮಾಡೆಲ್ಲೂ ಹತ್ತಂಗಿಲ್ಲ ಸರ್” ಎಂದ ಅಂಗಡಿಯವನು.

ನಮ್ಮವರು ಸೋಲುವವರೇ? ಕೌಲ್ ಬಜಾರಿನ ಬಡಿಗನಿಂದ ಎರಡು ಇಳಿಜಾರು ಹಲಗೆ ಮಾಡಿಸಿ ಹೊಸ್ತಿಲಿನ ಒಳಗೊಂದು ಹೊರಗೊಂದು ಇಟ್ಟರು. ಮಹಾರಾಯ ಆರಾಮಾಗಿ ಹತ್ತಿ ಇಳಿಯಲಿ ಅಂತ. ಹನುಮಕ್ಕ ಮುಸುರೆ ತಿಕ್ಕುತ್ತಲೇ ಅದನ್ನು ನೋಡಿದಳು.

ಮಷೀನು ಬಂತು. ಬಚ್ಚಲ ಬಾಗಿಲವರೆಗೂ ಹೋಗಿ, ಅದೇ ಒದ್ದೆ ಬಟ್ಟೆ ಎಳೆದುಕೊಂಡು ದೇವರ ಮನೆಯತ್ತ ಹೊರಡುತ್ತಿತ್ತು. “ಮೈಲಿಗೆ ಆಗಲ್ವಾ ಅತ್ತೆ?” ಎಂದೆ, ಸುಮ್ಮನಿರಲಾರದೆ.

“ಮಷೀನಿಗೆ ಎಲ್ಲೀ ಮೈಲಿಗಿ?” ಎಂದರು. ಎಷ್ಟು ಸಲೀಸು!

ಮೊದಲ ಸೋಮವಾರ ಅತ್ತೆಗೆ ಅದರ ಮೇಲೆ ಭಕ್ತಿ ಉಕ್ಕಿತು. ವಿಭೂತಿ ನೆನೆಸಿ, ಅದರ ನೆತ್ತಿಯ ಮೇಲಿನ ಗುಂಡನೆಯ ಗೋಪುರಕ್ಕೆ ಸುತ್ತಲೂ ಮೂರು ಬೆರಳು ಎಳೆದರು. ಆ ಗೋಪುರವೇ ಅದರ ಕಣ್ಣು ಅಂತ ಅವರಿಗೇನು ಗೊತ್ತು? ಗೊತ್ತಿದ್ದ ಅವರ ಮಗ, ಸಿರುಗುಪ್ಪಕ್ಕೆ ಕಳಿಸಲು ಅದನ್ನೇ ವಿಡಿಯೋ ಮಾಡುತ್ತ ನಿಂತಿದ್ದರು.

ಕಣ್ಣು ಮುಚ್ಚಿದ ಮಷೀನು ತೂರಾಡುತ್ತ ಹಲಗೆ ಹತ್ತಿ ಒಳಗೆ ನುಗ್ಗಿತು. ದೀಪದ ಕಂಬಕ್ಕೆ ಗುದ್ದಿತು. ಎಣ್ಣೆ ಚೆಲ್ಲಿತು, ಉರಿಯುವ ಬತ್ತಿ ಮಂಟಪದ ರೇಷ್ಮೆ ಬಟ್ಟೆಯತ್ತ ವಾಲಿತು. ಮಷೀನು ಮಾತ್ರ ನಿಷ್ಠೆಯಿಂದ ಎಣ್ಣೆಯನ್ನು ನೆಲದ ತುಂಬ ಒರೆಸುತ್ತಲೇ ಇತ್ತು. ನನ್ನ ಗಂಡ ಆ್ಯಪ್‌ನಲ್ಲಿ ‘ಸ್ಟಾಪ್’ ಬಟನ್ ಹುಡುಕುತ್ತಿದ್ದರು. ಮನೆ ಉರಿದರೂ ಆ್ಯಪ್ ಮೂಲಕವೇ ಆರಿಸಬೇಕು!

ಹಿಟ್ಟಿನ ಕೈಯಲ್ಲೇ ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಹನುಮಕ್ಕ ಪೊರಕೆ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದಳು. ಕುರ್ಚಿಯಿಂದ ಸರಕ್ಕನೆ ಏಳಲಾರದ ಅತ್ತೆ ಕೂಗಿದರು, “ಏ ಹನುಮಕ್ಕ, ನೋಡ್ಕೆಂತ ನಿಂತೀಯಲ್ಲ! ಒಳಗ ಹೋಗಿ ದೀಪ ಹಿಡಿ!”

“ನಂದು ಜಳಕ ಆಗಿಲ್ರಿ ಅಮ್ಮಾರೆ.”

“ಅಯ್ಯ, ಹೋಗಲೇ!”

ಹೋದಳು. ಕಂಬ ನಿಲ್ಲಿಸಿ, ಒದ್ದೆ ಸೆರಗಿನಿಂದ ಬತ್ತಿ ಹಿಸುಕಿ, ಮಷೀನನ್ನು ಎತ್ತಿ ತಿರುವಿ ಹಾಕಿದಳು. ಅದರ ಗಾಲಿಗಳು ಇನ್ನೂ ತಿರುಗುತ್ತಿದ್ದವು. ಬಟ್ಟೆಯ ಅಂಚು ಕಪ್ಪಾದದ್ದು ಬಿಟ್ಟರೆ ಏನೂ ಆಗಲಿಲ್ಲ.

ಸಂಜೆ ಅತ್ತೆ ಅವಳನ್ನು ಕರೆದು, ದೊಡ್ಡ ಸನ್ಮಾನ ಮಾಡುವ ಗತ್ತಿನಲ್ಲಿ ಹೇಳಿದರು. “ನಾಳಿಂದ ಜಳಕ ಮಾಡ್ಕೆಂಡು ಬಂದು ದೇವರ ಮನಿನೂ ನೀನ ಒರಸು.”

ಹನುಮಕ್ಕ ಕೈ ಒರೆಸಿಕೊಂಡಳು. “ಬ್ಯಾಡ್ರಿ ಅಮ್ಮಾರೆ. ಇಷ್ಟು ವರ್ಷ ಅದು ನಿನ್ನ ಕೆಲಸ ಅಲ್ಲ ಅಂದ್ರಿ. ಇನ್ನ ಮ್ಯಾಲೂ ಅಲ್ಲಂತನ ಇರ್ಲಿ.” ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.

ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನಾಚಿಕೆಯೂ ಆಯಿತು. ಅತ್ತೆಗೆ ಎರಡೂ ಆಗಲಿಲ್ಲ. “ನೋಡಿದ್ಯಾ? ನಾನಾಗಿ ಕರದ್ರೂ ಬರಂಗಿಲ್ಲಂತ. ಎಷ್ಟು ಸೊಕ್ಕು!” ಎಂದು ರಾತ್ರಿ ಊಟದವರೆಗೂ ಗೊಣಗಿದರು.

ಮಷೀನು ಸರ್ವೀಸ್ ಸೆಂಟರಿನಲ್ಲಿದೆ. ಅದರ ಕಣ್ಣು ತೊಳೆದು ಕೊಡುತ್ತಾರಂತೆ. ಸದ್ಯ ದೇವರ ಮನೆ ಒರೆಸುವವರು ನಮ್ಮವರು, ಮೊಣಕಾಲೂರಿ, ಯಾವ ಆ್ಯಪ್ಪೂ ಇಲ್ಲದೆ.

ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಮಷೀನು ಕೈಕೊಟ್ಟರೆ ರಿಪೇರಿಗೆ ಕೊಡುವ ನಾವು, ಹನುಮಕ್ಕ ಹೋಗುವುದಿಲ್ಲ ಅಂದರೆ ಅದಕ್ಕೆ ಸೊಕ್ಕು ಅಂತೇವಲ್ಲ, ಯಾಕೆ?