ಲೆಕ್ಕಕ್ಕೆ ಸೇರದ ಮರಿ

ಬೇಸಿಗೆಯಲ್ಲಿ ಪಾಲಾರ್ ಕಡೆಯಿಂದ ನೀರು ಹುಡುಕಿಕೊಂಡು ಬರುವ ಆನೆ ಹಿಂಡುಗಳನ್ನು ಎಣಿಸಲು ಅರಣ್ಯ ಕಚೇರಿಯವರು ಸ್ವಯಂಸೇವಕರನ್ನು ಕರೆದಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೊಳ್ಳೇಗಾಲದ ನೇಕಾರರ ಮನೆಯ ನಾನು, ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದ ಅಮಲಿನಲ್ಲಿ, ಆ ಎಣಿಕೆಯಲ್ಲಿ ತಪ್ಪು ಹುಡುಕಲೆಂದೇ ಕಾಡಂಚಿನ ಹೂಗ್ಯಂಗೆ ಹೋದೆ.

ನೀರಿನ ಹೊಂಡಗಳ ಪಕ್ಕ ಕಟ್ಟಿದ ಒಂದೊಂದು ಅಟ್ಟಣೆಗೆ ಇಬ್ಬರು. ಇಬ್ಬರೂ ಒಂದೇ ಸಂಖ್ಯೆ ಹೇಳಿದರೆ ಮಾತ್ರ ಅರಣ್ಯದ ಗಾರ್ಡು ಒಪ್ಪುತ್ತಿದ್ದ. ನನ್ನ ಜೊತೆಗೆ ಬಿದ್ದವರು ಆ ಊರಿನ ಒಬ್ಬ ರೈತರು. ಲೆಕ್ಕ ಒಪ್ಪಿಗೆಯಾಗಿ ಹಿಂಡಿನ ದಾರಿ ಇದೇ ಎಂದು ಖಚಿತವಾದರೆ ಅವರ ಹೊಲದಂಚಿಗೆ ಆನೆ ಕಂದಕ ತೋಡಿಸುತ್ತೇವೆಂದು ಕಚೇರಿಯವರು ಹೇಳಿದ್ದರು. ರೈತರು ಬಂದದ್ದು ಅದಕ್ಕೇ, ಮುಚ್ಚುಮರೆಯಿಲ್ಲ.

ಮೊದಲ ಸಂಜೆ ನಾನು ಏಳು ಅಂದೆ, ಅವರು ಆರು ಅಂದರು. ಗಾರ್ಡು ಆ ಲೆಕ್ಕ ಹೊಡೆದುಹಾಕಿದ. ಒಂದು ಯಾಕೆ ಕಡಿಮೆ ಎಂದು ರೈತರನ್ನು ಕೇಳಿದೆ.

"ಮರೀನ ಎಣಿಸ್ಬಾರ್ದು ಕಣ್ ಸಾ. ದೃಷ್ಟಿ ಆಯ್ತದೆ."

ಮರಿ ಆನೆಯಲ್ಲವೇ, ನಾಳೆ ನಿಮ್ಮ ಹೊಲ ತುಳಿಯುವುದು ಅದೇ ಅಲ್ಲವೇ, ಕಂದಕ ಬೇಕು ತಾನೇ ಎಂದು ಒಂದೊಂದೇ ಪ್ರಶ್ನೆ ಬಿಗಿದೆ. ಎಲ್ಲಕ್ಕೂ ಹೌದೆಂದರು. ಆರರಿಂದ ಮಾತ್ರ ಕದಲಲಿಲ್ಲ. ಎಲ್ಲ ಒಪ್ಪಿಯೂ ಹೀಗೆ ಪಟ್ಟು ಬಿಡದವರನ್ನು ನಾನು ಸ್ಪರ್ಧೆಗಳಲ್ಲಿ ಕಂಡಿರಲಿಲ್ಲ.

ಮರುದಿನವಿಡೀ ಏಣಿ ಹತ್ತಿದೆ, ಇಳಿದೆ. ಎಷ್ಟು ಮಕ್ಕಳು ಎಂದು ಕೇಳಿದವರಿಗೆ ನನ್ನ ಅಮ್ಮ ಕೂಡ ಮೊಲೆ ಕುಡಿಯುವ ಕೂಸನ್ನು ಬಿಟ್ಟೇ ಹೇಳುತ್ತಿದ್ದಳು. ಆ ನೆನಪು ನನ್ನ ವಾದಕ್ಕೆ ಬೇಕಿರಲಿಲ್ಲ.

ಕೊನೆಯ ಸಂಜೆ ಹಿಂಡು ಮತ್ತೆ ನೀರಿಗೆ ಇಳಿಯಿತು. ಅವರು ಟವೆಲು ತಲೆಗೆ ಸುತ್ತಿಕೊಂಡು ಹೊಂಡಕ್ಕೆ ಬೆನ್ನು ಹಾಕಿ ಕುಳಿತರು.

"ನೀವ್ ಎಷ್ಟಂತೀರೋ ಅಷ್ಟೇಯ ಸಾ. ನಾ ಊಂ ಅಂತೀನಿ."

ನೋಡದವರ ಸಾಕ್ಷಿಗೆ ಏನು ಬೆಲೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಏಣಿಯ ಬುಡದಿಂದ ಗಾರ್ಡು ಕೇಳಿದ. ಏಳು ಅಂದೆ. ಅವರು ಊಂ ಅಂದರು. ಗಾರ್ಡು ಒಪ್ಪಿಕೊಂಡು ಮುಂದಿನ ಅಟ್ಟಣೆಗೆ ಹೋದ.

ಕಂದಕ ಸಿಕ್ಕಂತಾಯಿತು. ಆದರೂ ಅವರು ತಿರುಗಲಿಲ್ಲ. ಬೀಡಿ ಹಚ್ಚಲು ಹೋಗಿ ಕಡ್ಡಿ ಮುರಿದರು.

"ಸಣ್ಣದು ನೀರ್ ಕುಡೀತಾ?"

"ಕುಡೀತು."

"ಅವ್ವನ್ ಜೊತ್ಗೇ ಓಯ್ತಾ?"

ಹಿಂಡು ಬಿದಿರು ಮೆಳೆಯೊಳಗೆ ಸರಿಯುತ್ತಿತ್ತು. ಧೂಳು, ಮಬ್ಬು. ದೊಡ್ಡ ಕಾಲುಗಳ ನಡುವೆ ಕಣ್ಣು ಕೀಲಿಸಿ ಹುಡುಕಿದೆ. ಕಾಣಲಿಲ್ಲ. ಪುರಾವೆಯಿಲ್ಲದೆ ಒಂದು ಮಾತನ್ನೂ ಒಪ್ಪದವನು ನಾನು.

"ಹೋಯ್ತು," ಅಂದೆ.

ಅವರು ಬೀಡಿ ಹಚ್ಚಿಕೊಂಡರು. ನಾನು ಮಾತ್ರ ಕತ್ತಲಾಗುವವರೆಗೆ ಆ ಮೆಳೆಯನ್ನೇ ನೋಡುತ್ತ ನಿಂತಿದ್ದೆ.