ಹತ್ತಿ ಕೋಣೆಯಲ್ಲಿ ರಾಜನ ಪಾರ್ಟು

ಕಳೆದ ವಾರ ಮಸ್ಕಿಯಲ್ಲಿ ನನ್ನ ದನಿ ಬಿದ್ದುಹೋಯಿತು. ನೆಗಡಿಯಿಂದಲ್ಲ. ಹತ್ತಿಯಿಂದ.

ನಾನು ಲಿಂಗಸುಗೂರಿನ ವಕೀಲ ಎಂಬುದು ನಿಮಗೆ ಗೊತ್ತೇ ಇದೆ. ನಿಜಾಮ ಸರ್ಕಾರದ ಕಲ್ಲುಕಟ್ಟಡದ ಅದಾಲತ್ತಿನಲ್ಲಿ ನಾನು ಬಾಯಿ ತೆರೆದರೆ ಗೋಡೆಗಳು ಗುಂಯ್ ಅನ್ನುತ್ತವೆ. ಅದೇ ಜಂಬದಲ್ಲಿ, ಮಸ್ಕಿಯ ಗೆಳೆಯರ ಬಯಲಾಟದಲ್ಲಿ ರಾಜನ ಪಾರ್ಟು ನನಗೇ ಬೇಕೆಂದೆ. (ಮುದಗಲ್ಲಿನ ಮಾವನ ಮನೆಗೆ ಆಗಲೇ ಹೇಳಿಯೂ ಬಿಟ್ಟಿದ್ದೆ.) ಇನ್ನು ಪಾರ್ಟು ತಪ್ಪಿದರೆ ಅವರಿಗೆ ಮುಖ ತೋರಿಸುವುದು ಹೇಗೆ?

ಗುಡಿಯ ಕಲ್ಲುಮಂಟಪದಲ್ಲಿ ತಾಲೀಮು. ನನ್ನ ಪ್ರತಿ ಮಾತಿಗೂ ಸುತ್ತ ಕೂತವರು 'ಭಲೇ' ಅನ್ನುತ್ತಿದ್ದರು. (ಬಯಲಾಟದಲ್ಲಿ ಅದು ರೂಢಿ. ನಾನು ಹೊಗಳಿಕೆ ಅಂದುಕೊಂಡಿದ್ದೆ.) ಆಟ ಕಲಿಸಲು ಪಾಮನಕಲ್ಲೂರಿನಿಂದ ಬಂದಿದ್ದ ಬಸಣ್ಣ ಮಾಸ್ತರರು ಮಾತ್ರ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಬರ್ರಿ ವಕೀಲ್ ಸಾಹೇಬ್ರ, ಹತ್ತಿ ಕ್ವಾಣ್ಯಾಗ ಒಮ್ಮೆ ಕೇಳೂಣು."

ಅದು ಸಾಹುಕಾರರೊಬ್ಬರ ಕೋಣೆ. ನೆಲದಿಂದ ಸೂರಿನವರೆಗೆ ನಾಲ್ಕೂ ಕಡೆ ಹತ್ತಿ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಬಾಗಿಲು ಹಾಕಿಕೊಂಡೆವು. "ಯಾರಲ್ಲಿ" ಎಂದು ಗರ್ಜಿಸಿದೆ.

ಪಕ್ಕದ ಮನೆಯಲ್ಲಿ ಯಾರೋ ಉಪ್ಪು ಕೇಳಿದ ಹಾಗಿತ್ತು. ಇನ್ನೂ ಜೋರಾಗಿ ಕೂಗಿದೆ. ಕೆಮ್ಮು ಬಂತು. ನಿಜಕ್ಕೂ ನಾಚಿಕೆಯಾಯಿತು.

"ಇದೇನ್ರಿ ಮಾಸ್ತರ, ಹತ್ತಿ ನನ್ನ ದನಿ ನುಂಗಾಕತ್ತೈತಿ."

"ನಿಮ್ಮದು ನುಂಗಿಲ್ರಿ. ಗ್ವಾಡೀದು, ಮಂದೀದು ಅಷ್ಟ ತಗದೈತಿ. ಆಟ ಬಯಲಾಗ ಐತ್ರಿ. ಅಲ್ಲಿ ಗ್ವಾಡಿ ಎಲ್ಲಿಂದ ತರೂಣು?"

ಇಷ್ಟು ವರ್ಷ ನನ್ನದೆಂದು ಮೆರೆಸಿದ ದನಿಯಲ್ಲಿ ಅರ್ಧ ಸರ್ಕಾರಿ ಗೋಡೆಯದು. ನಮ್ಮಲ್ಲಿ ಎಷ್ಟು ಮಂದಿ ದೊಡ್ಡವರು ಹೀಗೆ ಬರೀ ಕಟ್ಟಡದ ಬಲದ ಮೇಲೆ ಗುಡುಗುತ್ತಿದ್ದಾರೋ! ಅವರನ್ನೆಲ್ಲ ಒಂದು ಗಳಿಗೆ ಆ ಕೋಣೆಯಲ್ಲಿ ನಿಲ್ಲಿಸಿ ಟೆಸ್ಟ್ ಮಾಡಬೇಕು. (ಹೆಸರು ಬರೆಯುವುದಿಲ್ಲ. ನನ್ನ ವಕೀಲಿ ಸನದು ಉಳಿಯಬೇಕಲ್ಲ.)

ರಾಜನ ಪಾರ್ಟು ತುರ್ವಿಹಾಳದ ನನ್ನ ಷಡ್ಡಕನಿಗೆ ಹೋಯಿತು. ಅವನ ದನಿ ಹತ್ತಿಯಲ್ಲೂ ಕುಗ್ಗಲಿಲ್ಲವಂತೆ. ಮಾವನ ಮನೆಗೆ ಆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ನನಗೆ ಸಿಕ್ಕಿದ್ದು ಮಂತ್ರಿಯ ಪಾರ್ಟು. "ಮಂತ್ರೀದು ಸಲೀಸ್ ಐತ್ರಿ," ಮಾಸ್ತರರು ಸಮಾಧಾನ ಹೇಳಿದರು. "ರಾಜ ಏನಂದ್ರೂ 'ಅಪ್ಪಣೆ, ಪ್ರಭು' ಅಂದ್ರ ಮುಗೀತು. ನಾಕು ದಿನ ತಾಲೀಮು ಮಾಡ್ರಿ, ಬರತೈತಿ."

ದಿನಾ ಮುನ್ಸೀಫರ ಮುಂದೆ ನಿಂತು 'ಜೀ ಹುಜೂರ್' ಅನ್ನುವವನಿಗೆ ಇದಕ್ಕೂ ತಾಲೀಮು ಬೇಕೇ?