ಮೇಷ್ಟ್ರ ಗೋಡೆಗೆ ಕೇಳಿದ ಪರಿಹಾರ

ಅಮ್ಮ ತೀರಿಕೊಂಡ ಮೇಲೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಅಮ್ಮ ಸಾಕಿದ ಹಸು. ನನಗೆ ಇಪ್ಪತ್ತೆರಡು ವರ್ಷ. ಕೆಲಸಕ್ಕೆ ಅರ್ಜಿ ಹಾಕಿದ್ದೆ, ಸಿಕ್ಕಿರಲಿಲ್ಲ. ಬುದ್ಧಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ದಿನಕ್ಕೊಮ್ಮೆಯಾದರೂ ನನ್ನ ಜತೆ ಮಾತಾಡುತ್ತಿದ್ದವರೆಂದರೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ. ನಮ್ಮಿಬ್ಬರ ಹಿತ್ತಿಲ ನಡುವೆ ಇದ್ದ ಅವರ ಗೋಡೆ ಕುಸಿದು ಒಬ್ಬರು ದಾಟುವಷ್ಟು ಸಂದು ಬಿದ್ದಿತ್ತು. ಬೆಳಿಗ್ಗೆ ಅಲ್ಲಿಂದಲೇ ಹಾಲು ಅಳೆದು ಕೊಡುತ್ತಿದ್ದೆ. ಅವರು ಚೊಂಬು ಹಿಡಿದುಕೊಂಡೇ ಅರ್ಧ ಗಂಟೆ ನನ್ನನ್ನು ಬೈಯುತ್ತಿದ್ದರು. ಆ ಬೈಗುಳಕ್ಕೋಸ್ಕರವೇ ನಾನು ಬೇಗ ಏಳುತ್ತಿದ್ದೆ.

ಒಂದು ದಿನ ಹಗ್ಗ ಸಡಿಲವಾಗಿ ಕಟ್ಟಿದ್ದೆ. ಹಸು ಆ ಸಂದಿನಲ್ಲಿ ನುಗ್ಗಿ, ಮೇಷ್ಟ್ರ ಗೇಟು ದಾಟಿ, ಬೀದಿಯ ಸೊಪ್ಪಿನ ಗಾಡಿಗೆ ಬಾಯಿ ಹಾಕಿ, ಕೊನೆಗೆ ಬೀದಿ ದನಗಳನ್ನು ಕೂಡಿಹಾಕುವ ದೊಡ್ಡಿ ಸೇರಿತು. ಮೂರು ದಿನ ಅಲೆದು, ದಂಡ ಕಟ್ಟಿ ಬಿಡಿಸಿಕೊಂಡೆ. ದೊಡ್ಡಿಯ ಬಾಗಿಲಲ್ಲಿ ಕಾಯುತ್ತಿದ್ದ ಯಾರೋ ಒಬ್ಬರು ಕಿವಿ ಊದಿದರು: "ಗೋಡೆ ಯಾರ್ದೋ ಅವ್ರೇ ಕೊಡ್ಬೇಕು ಕಣ್ರೀ. ಬಿಡ್ಬೇಡಿ."

ಬಿಡಲಿಲ್ಲ. ಫುಲ್‌ಸ್ಕೇಪ್ ಹಾಳೆಯಲ್ಲಿ ವಕೀಲನ ಹಾಗೆ ಬರೆದೆ: ಸದರಿ ಹಸುವು ದಿನಂಪ್ರತಿ ಹತ್ತು ಲೀಟರ್ ಹಾಲು ಕೊಡುತ್ತಿದ್ದು, ಮೂರು ದಿನದ ನಷ್ಟ, ದಂಡ, ಮತ್ತು ಗೋಡೆಯ ದುರಸ್ತಿ. ಕೆಳಗೆ ಮಂತ್ರಿಯ ಗಾತ್ರದ ಸಹಿ.

ಮೇಷ್ಟ್ರು ಸಂದಿನಲ್ಲಿ ನಿಂತು ಓದಿದರು. "ಹತ್ತು ಲೀಟ್ರಾ?"

"ಹೌದು ಸಾರ್."

"ಒಂದು ತಿಂಗ್ಳಿಂದ ನಂಗೇನಯ್ಯಾ ಹೇಳ್ತಿದ್ದೆ? ಹಸು ಬತ್ತೋಗಿದೆ ಸಾರ್, ಮೂರು ಲೀಟ್ರೂ ಕರೆಯಲ್ಲ, ಅರ್ಧ ಲೀಟ್ರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ. ಮಿಕ್ಕ ಏಳು ಲೀಟ್ರು ಯಾರು ಕುಡಿದ್ರು, ನೀನಾ?"

ನನ್ನ ಉತ್ತರ ಏನಿರಬಹುದೆಂದು ಹಸು ಕೂಡ ತಿರುಗಿ ನೋಡಿತು. "ದೊಡ್ಡಿಗೆ ಹೋಗೋ ಮುಂಚೆ ಜಾಸ್ತಿ ಕೊಡ್ತಿತ್ತು ಸಾರ್."

"ಮುಂಚೆ ಅಂದ್ರೆ ಯಾವಾಗ? ಹಿಂದಿನ್ ಜನ್ಮದಲ್ಲಾ?"

ಇನ್ನೇನು ಅರ್ಧ ಗಂಟೆಯ ಬೈಗುಳ ಶುರುವಾಯಿತೆಂದು ಖುಷಿಯಾಯಿತು. ಆದರೆ ಅವರು ಹಾಳೆ ಮಡಚಿ ಜೇಬಿಗಿಟ್ಟರು.

"ಗೋಡೆ ನಂದೇ, ತಪ್ಪೂ ನಂದೇ. ಬಾಯಲ್ಲಿ ಹೇಳಿದ್ರೆ ಸಾಕಿತ್ತು. ಆಯ್ತು, ಕಟ್ಟಿಸ್ಕೊಡ್ತೀನಿ. ನೀವು ಹೋಗಿ."

ನನಗೆ ಅವರು "ನೀವು" ಅಂದದ್ದು ಅದೇ ಮೊದಲು.

ಮಾರನೇ ದಿನವೇ ಗಾರೆಯವರು ಬಂದರು. ಸಂಜೆಯ ಹೊತ್ತಿಗೆ ಗೋಡೆ ನನ್ನ ತಲೆಗಿಂತ ಎತ್ತರ ಎದ್ದಿತ್ತು. ದುಡ್ಡನ್ನೂ ಮೇಷ್ಟ್ರು ಗಾರೆಯವರ ಕೈಲೇ ಕಳಿಸಿದ್ದರು. ಕೇಳಿದ್ದೆಲ್ಲ ಸಿಕ್ಕಿತು, ಇಲ್ಲದ ಏಳು ಲೀಟರಿನ ನಷ್ಟವೂ ಸೇರಿ.

ಬೆಳಿಗ್ಗೆ ಬೀದಿ ಸುತ್ತಿ ಅವರ ಮುಂಬಾಗಿಲಿಗೆ ಹೋದೆ. ಚೊಂಬು ಜಗಲಿಯ ಮೇಲಿತ್ತು, ಬಾಗಿಲು ಹಾಕಿತ್ತು.

"ಹಾಲು ಸಾರ್."

"ಹಾಕ್ಬಿಟ್ಟು ಹೋಗಿ."

"ಇವತ್ತು ತುಂಬಾ ನೀರು ಬೆರೆಸಿದೀನಿ ಸಾರ್."

ಸುಳ್ಳು. ಒಂದು ಹನಿಯೂ ಬೆರೆಸಿರಲಿಲ್ಲ. ಒಳಗೆ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಅದು ಮುಗಿಯುವವರೆಗೂ ಜಗಲಿಯಲ್ಲಿ ನಿಂತಿದ್ದೆ.